ಕಿಲುಬು ತೊಳೆದ ಶನಿವಾರ

ಕೊಲಂಬಸ್‌ಗಿಂತ ಮೊದಲು ಯುರೋಪಿನಿಂದ ಯಾರಾದರೂ ಅಮೆರಿಕಕ್ಕೆ ಬಂದಿದ್ದರೇ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ಕೊಲಂಬಸ್ ಆದಮೇಲೆ ಬಂದವರಲ್ಲಿ ನಾನೂ ಒಬ್ಬಳು, ಅಷ್ಟು ಮಾತ್ರ ನನಗೆ ಖಚಿತ. ಹಾಗಿದ್ದೂ ನನಗೆ ಸಂಬಂಧವೇ ಇಲ್ಲದ ಆ ವಿಷಯಕ್ಕೆ ತಲೆಹಾಕಿ, ಒಬ್ಬ ಮುದುಕಿ ಎಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ಹುಣಸೆಹಣ್ಣು ಹಾಕಿ ತೊಳೆದುಬಿಟ್ಟೆ. ಇದನ್ನು ಹೇಳಿದರೆ ಎಲ್ಲರೂ ಮೊದಲು ನಗುತ್ತಾರೆ. ನಗಲಿ ಪಾಪ. ನನಗೆ ಮಾತ್ರ ಈಗಲೂ ನಗು ಬರುವುದಿಲ್ಲ.

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ. ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಅರ್ಧ ಮನೆಗಳಲ್ಲಿ ನಮ್ಮ ದೇಶದವರೇ. ನಮ್ಮ ಬಲಗಡೆಯ ಮನೆಯಲ್ಲಿ ಮಾತ್ರ ಒಬ್ಬ ಬಿಳಿಯ ಅಜ್ಜಿ ಒಬ್ಬಳೇ ಇದ್ದಳು. ಸ್ಕೂಲ್ ಬಸ್ಸು ಓಡಿಸಿ ನಿವೃತ್ತಳಾದವಳು. ದನಿ ದೊಡ್ಡದು, ಕಣ್ಣು ಮಂದ. ಎದುರಿಗೆ ನಾವು ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು, ಇಲ್ಲಿಯ ಪದ್ಧತಿ. ಮನೆಯೊಳಗೆ ಮಾತ್ರ ಅವಳು 'ಅಜ್ಜಿ'. ಅವಳ ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು. ನನ್ನ ತಲೆಯಲ್ಲಿ ಅದು ಕನ್ನಡವಾಗಿ ಉಳಿದಿದೆ, ಹಾಗೇ ಬರೆಯುತ್ತೇನೆ.

ಶುರುವಾದದ್ದು ಮುಸುಕಿನ ಜೋಳದಿಂದ. ಒಂದು ಆಗಸ್ಟ್‌ನಲ್ಲಿ ಅಜ್ಜಿ ಆರು ತೆನೆ ತಂದುಕೊಟ್ಟಳು. ಸುಮ್ಮನೆ ಥ್ಯಾಂಕ್ಸ್ ಹೇಳಿ ಒಳಗೆ ಹೋಗಬಹುದಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ನಮ್ಮೂರ ಹತ್ತಿರ ಸೋಮನಾಥಪುರ ಅಂತ ಇದೆ. ಏಳುನೂರು ವರ್ಷಕ್ಕಿಂತ ಹಳೇ ದೇವಸ್ಥಾನ. ಗೋಡೆ ಮೇಲಿನ ವಿಗ್ರಹಗಳ ಕೈಯಲ್ಲಿ ಇಂಥದೇ ಜೋಳದ ತೆನೆ ಇದೆ" ಎಂದುಬಿಟ್ಟೆ.

ಅಜ್ಜಿ ಅಲ್ಲೇ ನಿಂತಳು. ಈ ಮುಸುಕಿನ ಜೋಳ ಹುಟ್ಟಿದ್ದು ಅಮೆರಿಕದಲ್ಲಿ. ಕೊಲಂಬಸ್ ಬರುವ ಮೊದಲು ಅದು ಬೇರೆಲ್ಲೂ ಇರಲಿಲ್ಲ ಎನ್ನುತ್ತಾರೆ. ಬೆರಳು ಮಡಚಿ ಲೆಕ್ಕ ಹಾಕಿದಳು. ಹಾಗಾದರೆ ಅವನಿಗಿಂತ ಇನ್ನೂರು ವರ್ಷ ಮೊದಲೇ ಸಮುದ್ರ ದಾಟಿ ಜೋಳ ನಿಮ್ಮೂರಿಗೆ ಬಂದಿತ್ತೇ?

"ನೀನೇ ನೋಡಿದ್ದೀಯಾ? ನಿನ್ನ ಕಣ್ಣಾರೆ?"

"ಹೂಂ, ನೋಡಿದೀನಿ" ಎಂದೆ.

ನೋಡಿದ್ದು ಏನು ಮಣ್ಣು! ಐದನೇ ಕ್ಲಾಸಿನ ಪ್ರವಾಸದಲ್ಲಿ ಹೋಗಿದ್ದೆ. ನನ್ನ ಗಮನವೆಲ್ಲ ಚಿತ್ರಾನ್ನದ ಡಬ್ಬಿಯ ಮೇಲಿತ್ತು. ಜೋಳದ ಕತೆ ಆಮೇಲೆ ಯಾರೋ ಹೇಳಿ ಕಿವಿಗೆ ಬಿದ್ದದ್ದು. ಅದು ಜೋಳವೇ ಅಲ್ಲ, ದಾಳಿಂಬೆಯೋ ಮುತ್ತು ಪೋಣಿಸಿದ ಯಾವುದೋ ಕಾಲ್ಪನಿಕ ಹಣ್ಣೋ ಇರಬೇಕು ಎನ್ನುವವರೂ ಇದ್ದಾರೆ. ಅದೂ ನನಗೆ ಗೊತ್ತಿತ್ತು, ಹೇಳಲಿಲ್ಲ. ಆ ಮುಖ ಅಷ್ಟು ಅರಳಿದ್ದಾಗ 'ಇರಬಹುದೇನೋ, ಇಲ್ಲದಿರಬಹುದೇನೋ' ಎಂದು ರಾಗ ಎಳೆಯುವುದು ಹೇಗೆ?

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಸಂಜೆ ನಾನು ಕಾರು ಇಳಿಯುವುದನ್ನೇ ಕಾದು ಅಜ್ಜಿ ಬರುತ್ತಿದ್ದಳು. ಒಂದು ದಿನ ಚರ್ಮದ ದೋಣಿಯಲ್ಲಿ ಸಮುದ್ರ ದಾಟಿದ ಐರ್ಲೆಂಡಿನ ಸನ್ಯಾಸಿಗಳು. ಇನ್ನೊಂದು ದಿನ ಅಣ್ಣತಮ್ಮಂದಿರ ಜಗಳಕ್ಕೆ ಬೇಸತ್ತು ಹಡಗು ಹತ್ತಿದ ವೇಲ್ಸ್‌ನ ರಾಜಕುಮಾರ. ಮತ್ತೊಂದು ದಿನ ಯುರೋಪಿನ ಉತ್ತರದಿಂದ ಹಡಗೇರಿ ಬಂದ ವೈಕಿಂಗರು. ಯಾರು ಬಂದರು, ಯಾರು ಬರಲಿಲ್ಲ, ಯಾವುದು ಪುರಾವೆ, ಯಾವುದು ಕತೆ, ನನಗೆ ಒಂದೂ ತಲೆಬುಡ ತಿಳಿಯುತ್ತಿರಲಿಲ್ಲ. ನೇಪರ್‌ವಿಲ್‌ನಲ್ಲಿರುವ ನಮ್ಮಕ್ಕನಿಗೆ ಫೋನಿನಲ್ಲಿ ಹೇಳಿದರೆ, ಹಿಂದಿನಿಂದ ಭಾವನ ದನಿ ಬಂತು: "ಅವರೆಲ್ಲ ಯಾವ ಲೆಕ್ಕ ಕಣಮ್ಮಾ, ಪಾತಾಳಲೋಕ ಅಂದ್ರೆ ಅಮೆರಿಕಾನೇ, ನಮ್ಮೋರೇ ಮೊದ್ಲು ಬಂದಿದ್ದು." ತಲೆ ಕೆಟ್ಟು ಮೊಸರಾಯಿತು.

ಮೂರನೆಯ ಬೇಸಗೆಯಲ್ಲಿ ಅಜ್ಜಿ ನನ್ನನ್ನು ಒಳಗೆ ಕರೆದು ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಮೆತ್ತನೆಯ ಬಟ್ಟೆಯೊಳಗೆ ತಾಮ್ರದ ಒಂದು ಅಲಗು. ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಎರಡೂ ಕಡೆ ಅಂಚು, ತುದಿ ಚೂಪು. ಮೈಯೆಲ್ಲ ದಟ್ಟವಾಗಿ ಹಸಿರು ಕಿಲುಬು.

ಅದು ಅವಳ ಅಪ್ಪನದು. ಮಿಶಿಗನ್ನಿನ ತೀರ ಉತ್ತರಕ್ಕೆ ತಾಮ್ರದ ಗಣಿಗಳಿದ್ದ ಸೀಮೆಯಲ್ಲಿ ಆತ ಗಣಿಯ ಕಮ್ಮಾರಸಾಲೆಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಅಲ್ಲಿಯ ಕಾಡಿನಲ್ಲಿ ಯಾವ ಕಾಲದಲ್ಲೋ ಯಾರೋ ತಾಮ್ರ ಅಗೆದ ಹಳೇ ಗುಂಡಿಗಳಿವೆ. ಅಂಥ ಒಂದು ಗುಂಡಿಯಲ್ಲಿ ಇದು ಸಿಕ್ಕಿತು, ಕೊಲಂಬಸ್‌ಗಿಂತ ಎಷ್ಟೋ ಮೊದಲು ಸಮುದ್ರದಾಚೆಯಿಂದ ದೋಣಿಯಲ್ಲಿ ಬಂದವರು ಬಿಟ್ಟುಹೋದದ್ದು ಎಂದು ಆತ ಹೇಳಿದ. ಊರವರು ಬಿದ್ದು ಬಿದ್ದು ನಕ್ಕರು. ಕಮ್ಮಾರನೇ ತಾಮ್ರ ಬಡಿದು, ಕಿಲುಬು ಹತ್ತಿಸಿ, ನಮ್ಮ ಕಿವಿಗೆ ಹೂವಿಡಲು ನೋಡುತ್ತಿದ್ದಾನೆ ಎಂದರು. ಆತನನ್ನು ಕಂಡರೆ ದೋಣಿಗೆ ಹುಟ್ಟು ಹಾಕುವಂತೆ ಕೈಯಾಡಿಸುತ್ತಿದ್ದರಂತೆ. ಆತ ಜನರ ಜೊತೆ ಸೇರುವುದನ್ನೇ ಬಿಟ್ಟ. ಆದರೆ ಸಾಯುವವರೆಗೂ ಮಾತು ಬದಲಿಸಲಿಲ್ಲ.

"ಅಪ್ಪ ಸಾಯೋ ಹೊತ್ತಲ್ಲಿ ಮಾತು ಕೊಟ್ಟಿದ್ದೆ, ಇದನ್ನ ತಿಳಿದವರಿಗೆ ತೋರಿಸ್ತೀನಿ ಅಂತ. ಇಷ್ಟು ವರ್ಷ ಧೈರ್ಯ ಬರಲಿಲ್ಲ. ಅವರು ಸುಳ್ಳು ಅಂದುಬಿಟ್ರೆ?" ಎಂದಳು ಅಜ್ಜಿ. ಅಕ್ಟೋಬರಿನಲ್ಲಿ ಅವಳು ಮಗನಿದ್ದ ಆರಿಜೋನಾಕ್ಕೆ ಹೊರಟಿದ್ದಳು. ಈಗ ಬಿಟ್ಟರೆ ಇನ್ನಿಲ್ಲ ಎಂದು ಯೂನಿವರ್ಸಿಟಿಯ ಪುರಾತತ್ವದವರಿಗೆ ಪತ್ರ ಬರೆದಿದ್ದಳು. ಸೆಪ್ಟೆಂಬರಿನ ಒಂದು ಶುಕ್ರವಾರ ಬನ್ನಿ ಎಂದು ಅವರಿಂದ ಉತ್ತರ ಬಂದಿತ್ತು. ಅವಳಿಗೆ ಡ್ರೈವ್ ಮಾಡಲು ಕಣ್ಣು ಕಾಣದು. ಕರೆದುಕೊಂಡು ಹೋಗುತ್ತೇನೆಂದು ನಾನು ಒಪ್ಪಿದೆ.

ಇನ್ನೂ ಒಂದು ಕೆಲಸ ಅಜ್ಜಿ ನನಗೆ ಹಚ್ಚಿದಳು. ನಾನು ವಿಕ್ಸಮ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆಯ ವಿಭಾಗದಲ್ಲಿದ್ದೇನೆ. ಕಾರಿನ ಬಿಡಿಭಾಗಗಳು ಡ್ರಾಯಿಂಗ್‌ನಲ್ಲಿದ್ದಂತೆಯೇ ಬಂದಿವೆಯೇ, ಕೂದಲೆಳೆಯಷ್ಟು ಆಚೀಚೆ ಆಗಿದೆಯೇ ಎಂದು ನೋಡಿ ಹೇಳುವುದು ನನ್ನ ಉದ್ಯೋಗ. ಅಲಗಿನ ಅಳತೆ, ತೂಕ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಆ ಪುರಾತತ್ವದವರೆದುರು ತನಗೂ ಸ್ವಲ್ಪ ಮರ್ಯಾದೆ ಎಂದಳು. "ನೀನು ಜೋಳ ನೋಡಿದವಳು. ನಿನ್ನ ಕೈಗೆ ಕೊಡೋಕೆ ನನಗೆ ಭಯ ಇಲ್ಲ." ಬಟ್ಟೆ ಸುತ್ತಿದ ಅಲಗನ್ನು ಕೈಗಿಟ್ಟಳು. ಆ ಮಾತು ನನಗೆ ಚುಚ್ಚಿತು.

ಒಂದು ಗುರುವಾರ ಊಟದ ಬಿಡುವಿನಲ್ಲಿ ಅಳತೆ ತೆಗೆದೆ, ಮೈಕ್ರೋಸ್ಕೋಪಿನ ಕೆಳಗೂ ಇಟ್ಟು ನೋಡಿದೆ. ಕಿಲುಬು ಬಿಟ್ಟರೆ ಏನೂ ಕಾಣಲಿಲ್ಲ. ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಆ ಸಂಜೆ ಹೈಸ್ಕೂಲಿನಲ್ಲಿರುವ ಮಗಳು ಅದನ್ನು ಬಿಚ್ಚಿ ನೋಡಿ, ಅಜ್ಜಿಯ ಅಪ್ಪನ ಕತೆಯನ್ನೆಲ್ಲ ಕೇಳಿ, ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ನೋ ಒನ್ ನೀಡೆಡ್ ಟು ಕಮ್. ಪೀಪಲ್ ವರ್ ಆಲ್ರೆಡಿ ಹಿಯರ್."

ಅವಳ ವಾದ ಇಷ್ಟು: ಈ ನೆಲದ ಮೂಲಜನ ಸಾವಿರಾರು ವರ್ಷದಿಂದ ಅದೇ ತಾಮ್ರ ತೆಗೆದು ಬಡಿದು ಅಲಗು ಮಾಡುತ್ತಿದ್ದರು. ಚೆನ್ನಾಗಿರುವುದು ಏನು ಸಿಕ್ಕಿದರೂ ಅದನ್ನು ಯುರೋಪಿನಿಂದ ಬಂದವರೇ ಮಾಡಿರಬೇಕು ಎನ್ನುವುದು ಆ ಮೂಲಜನರಿಗೆ ಅವಮಾನ ಮಾಡಿದ ಹಾಗೆ. ನೀನು ಯಾಕೆ ಅದಕ್ಕೆ ತಲೆಯಾಡಿಸುತ್ತೀಯ? ಮಗಳ ಮಾತು ನೂರಕ್ಕೆ ನೂರು ಸರಿ ಅನ್ನಿಸಿತು. ಅಜ್ಜಿಯ ಮುಖ ನೆನಪಾದರೆ ಅವಳ ಕಡೆಗೂ ಮನಸ್ಸು ಎಳೆಯುತ್ತಿತ್ತು. "ಮೊದಲು ತಟ್ಟೆ ತಗೊಂಡು ಹೋಗಿ ತೊಳಿ, ಆಮೇಲೆ ಚರಿತ್ರೆ" ಎಂದು ರೇಗಿದೆ.

ಆ ಭಾನುವಾರ ಗೌರಿ ಹಬ್ಬ. ಶನಿವಾರ ಮಧ್ಯಾಹ್ನ ದೇವರ ಸಾಮಾನು ತೊಳೆಯುವ ಕೆಲಸ. ನಮ್ಮಮ್ಮ ಕಲಿಸಿದ ಕ್ರಮವೇ ನನ್ನದು. ದೊಡ್ಡ ಟಬ್ಬಿನಲ್ಲಿ ಹುಣಸೆಹಣ್ಣಿನ ಬಿಸಿನೀರು, ಅದಕ್ಕೆ ಒಂದು ಹಿಡಿ ಉಪ್ಪು. ದೀಪ, ಚೊಂಬು, ಪಂಚಪಾತ್ರೆ, ತೀರ್ಥ ಹಾಕುವ ಉದ್ಧರಣೆ ಎಲ್ಲ ಅದರಲ್ಲಿ ಒಂದು ಗಂಟೆ ನೆನೆಯಬೇಕು. ಆಮೇಲೆ ತಂತಿಯ ಸ್ಕ್ರಬ್ಬರ್ ಹಿಡಿದು ತಿಕ್ಕಿದರೆ ತಾಮ್ರ ಫಳಫಳ ಅನ್ನಬೇಕು. ನಾನು ನೀರು ಹದ ಮಾಡಿಟ್ಟು, ಸಾಮಾನನ್ನೆಲ್ಲ ಟಬ್ಬಿಗೆ ಹಾಕಿ ಎಂದು ಗಂಡನಿಗೆ ಹೇಳಿ, ಬಾಳೆಲೆ ತರಲು ಇಂಡಿಯನ್ ಸ್ಟೋರ್‌ಗೆ ಹೋದೆ. ಬಂದವಳು ಅಕ್ಕನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು, ಕಡುಬಿನ ಹೂರಣಕ್ಕೆ ಬೆಲ್ಲ ಎಷ್ಟು ಎಂದು ಹರಟುತ್ತಾ ತಿಕ್ಕಲು ನಿಂತೆ.

ಮಾತು ಅಕ್ಕನ ಕಡೆ, ಕೈ ಟಬ್ಬಿನ ಕಡೆ. ನೀರೊಳಗೆ ಕೈಯಾಡಿಸುವುದು, ಸಿಕ್ಕಿದ್ದನ್ನು ಹಿಡಿದು ತಿಕ್ಕುವುದು, ತೊಳೆದು ಬಟ್ಟೆಯ ಮೇಲಿಡುವುದು. ಒಂದು ಸಾಮಾನು ಸ್ವಲ್ಪ ಹೆಚ್ಚೇ ಹಟ ಮಾಡಿತು. ಇದ್ಯಾಕೋ ಇಷ್ಟು ಹಿಡಿದುಕೊಂಡಿದೆ ಅಂತ ಇನ್ನಷ್ಟು ಒತ್ತಿ ತಿಕ್ಕಿದೆ. ನೊರೆ ಹಸಿರಾಗಿ ಇಳಿಯಿತು. ಉದ್ಧರಣೆಗೆ ತುದಿ ಇಷ್ಟು ಚೂಪು ಯಾಕಿದೆ ಎಂದು ನಲ್ಲಿಯ ಕೆಳಗೆ ಹಿಡಿದು ನೋಡಿದೆ.

"ಅಯ್ಯೋ ಅಯ್ಯೋ ಅಯ್ಯೋ!" ಎಂದು ಕಿರುಚಿಕೊಂಡೆ.

"ಏನಾಯ್ತೇ? ಕೈ ಕುಯ್ಕೊಂಡ್ಯಾ?" ಎಂದು ಫೋನಿನೊಳಗಿಂದ ಅಕ್ಕ ಕೂಗಿದಳು.

ಕೈ ಕುಯ್ದುಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅಲಗು ನನ್ನ ಕೈಯಲ್ಲಿ ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಗಂಡ ಓಡಿ ಬಂದರು. ಅವರು ಧಾರವಾಡದ ಕಡೆಯವರು, ಆಕಾಶ ಕಳಚಿ ಬಿದ್ದರೂ ದನಿ ಏರಿಸುವವರಲ್ಲ.

"ಅದು ಅಲ್ಲೇ ದೇವರ ಸಾಮಾನಿನ ಬಾಜೂಕ ಇತ್ತಲ್ಲ. ಅರಿವ್ಯಾಗ ಸುತ್ತಿತ್ತು. ಬಿಚ್ಚಿ ನೋಡಿದ್ರ ಹಸರ ಹಿಡದಿತ್ತು. ನೀನಽ ತೊಳಿಯಾಕ ಇಟ್ಟೀ ಅಂತ ತಿಳದು ಹಾಕಿದೆ. ನಂದೇನು ತಪ್ಪು?"

"ರೀ, ಉದ್ಧರಣೆ ಯಾವ್ದು ಚೂರಿ ಯಾವ್ದು ಗೊತ್ತಾಗಲ್ವಾ ನಿಮಗೆ?"

"ನಾ ಅಂತೂ ಬರೇ ಹಾಕಿದೆ. ತಿಕ್ಕಿದಾಕಿ ನೀನು. ನಿನಗ ಗೊತ್ತಾಗಲಿಲ್ಲೇನು?"

ಸಿಟ್ಟು ಬಂತು, ಅವರ ಮೇಲೂ ಬಂತು, ಹುಣಸೆಹಣ್ಣಿನ ಮೇಲೂ ಬಂತು. ಅಳು ಅದರ ಹಿಂದೆಯೇ ಬಂತು. ಮಾರನೇ ದಿನ ಗೌರಿಯ ಮುಂದೆ ಕೂತು ಅದೇನು ಮಂತ್ರ ಹೇಳಿದೆನೋ, ಯಾವ ಹೂವು ಎಲ್ಲಿ ಇಟ್ಟೆನೋ ದೇವರೇ ಬಲ್ಲ.

ಸೋಮವಾರ ಅಲಗನ್ನು ಮತ್ತೆ ವಿಕ್ಸಮ್‌ಗೆ ಒಯ್ದೆ. ಕಿಲುಬು ಹೋಗಿತ್ತಲ್ಲ, ಕೆಳಗೆ ಏನಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಂಚಿನ ಉದ್ದಕ್ಕೂ ಗೆರೆಗಳು. ಕೆಲವು ನನ್ನ ತಂತಿಯ ಸ್ಕ್ರಬ್ಬರಿನವು, ಅಡ್ಡಾದಿಡ್ಡಿ, ತೆಳ್ಳಗೆ. ಆದರೆ ಅವುಗಳ ಅಡಿಯಲ್ಲಿ ಬೇರೆ ಗೆರೆಗಳಿದ್ದವು. ಆಳವಾಗಿ, ಒಂದೇ ದಿಕ್ಕಿಗೆ, ಒಂದರಿಂದೊಂದು ಒಂದೇ ಅಂತರದಲ್ಲಿ. ಲೋಹ ಉಜ್ಜುವ ಈಚಿನ ಕಾಲದ ಉಕ್ಕಿನ ಅರದಿಂದ ಬೀಳುವ ಗೆರೆ ಹಾಗಿರುತ್ತದೆ. ದಿನಾ ಅಂಥವನ್ನು ನೋಡುವವಳು ನಾನು. ಹಾಗಂತ ಆಣೆಯಿಟ್ಟು ಹೇಳಬಲ್ಲೆನೇ? ಮೂರು ಸಲ ಅಳೆದೆ. ಒಂದು ಕಡೆ ಅರದ್ದೇ ಅನ್ನಿಸಿತು. ಇನ್ನೊಂದು ಕಡೆ ನಾನೇ ಒತ್ತಿ ತಿಕ್ಕಿದ್ದು ಅನ್ನಿಸಿತು. ಅಜ್ಜಿಯ ಅಪ್ಪ ಸುಳ್ಳು ಹೇಳಿದನೋ, ನಾನು ಸಾಕ್ಷಿಯನ್ನೇ ಕೆಡಿಸಿ ಇಲ್ಲದ ಸುಳ್ಳನ್ನು ಕಾಣುತ್ತಿದ್ದೆನೋ ಗೊತ್ತಾಗಲಿಲ್ಲ. ಒಂದು ಫೋಟೋ ತೆಗೆದುಕೊಂಡು ಮುಚ್ಚಿಟ್ಟೆ.

ಸಂಜೆ ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಅಲಗನ್ನು ಇಟ್ಟೆ. ಹಬ್ಬ, ಹುಣಸೆಹಣ್ಣು, ಗಂಡ, ಟಬ್ಬು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವಳ ಕಣ್ಣಿಗೆ ಮೊದಲು ಸರಿಯಾಗಿ ಕಾಣಲಿಲ್ಲ. ಕೈಯಿಂದ ತಡವಿದಳು. ನುಣ್ಣಗಿತ್ತಲ್ಲ, ಆಗ ತಿಳಿಯಿತು.

"ನಾನು ಇದನ್ನ ಒಂದು ಸಲನೂ ಒರೆಸಲಿಲ್ಲ. ಬಟ್ಟೆ ಬದಲಾಯಿಸಿದ್ರೆ ಕಿಲುಬು ಉದುರೀತು ಅಂತ ಬಟ್ಟೇನೂ ಬದಲಾಯಿಸಲಿಲ್ಲ" ಎಂದಳು. ಆಮೇಲೆ ದನಿ ಒಮ್ಮೆಲೇ ಏರಿತು. "ನಿಮ್ಮ ಜನಕ್ಕೆ ಕಂಡಿದ್ದೆಲ್ಲ ತೊಳೀಬೇಕಾ? ಹೋಗು. ನನ್ನ ಮನೆಯಿಂದ ಹೋಗು."

ನಿಮ್ಮ ಜನ! ತಪ್ಪು ಮಾಡಿದವಳು ನಾನು, ತಲೆ ತಗ್ಗಿಸಿಕೊಂಡೇ ಹೋಗಿದ್ದೆ. ಆದರೂ ಆ ಮಾತು ಸರಕ್ಕನೆ ನಾಟಿತು. ಏಳು ವರ್ಷ ಅವಳ ಮನೆ ಮುಂದಿನ ಹಿಮ ಗೋರಿದ್ದು ಯಾವ ಜನ ಎಂದು ಕೇಳಬೇಕೆನ್ನಿಸಿತು. ಮನೆಗೆ ಬಂದು ಗಂಡನ ಮೇಲೂ ಮಗಳ ಮೇಲೂ ಹರಿಹಾಯ್ದೆ. ಮಂಗಳವಾರ ಅವಳ ಕಿಟಕಿಯ ಪರದೆ ಸರಿಯಲಿಲ್ಲ. ಬುಧವಾರ, ಗುರುವಾರವೂ ಇಲ್ಲ. ನಾನು ಕಡುಬು ಕಳಿಸಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ, ಕಡುಬು ಹಳಸಿತು.

ಶುಕ್ರವಾರ ನಾನು ರಜೆ ಹಾಕಿದ್ದೆ, ಹಾಕಿದ್ದನ್ನು ತೆಗೆದಿರಲಿಲ್ಲ. ಒಂಬತ್ತಕ್ಕೆ ಹೊರಗೆ ನೋಡಿದರೆ ಅಜ್ಜಿ ನಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತಿದ್ದಳು. ಚರ್ಚಿಗೆ ಹಾಕುವ ನೀಲಿ ಕೋಟು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಒಪ್ಪಿಕೊಂಡಿದ್ದೀಯ. ಕರ್ಕೊಂಡು ಹೋಗು" ಎಂದಳು. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೇ ನೋಡಿದಳು.

ಪುರಾತತ್ವದ ಪ್ರೊಫೆಸರ್ ಮೂವತ್ತೈದರ ಆಸುಪಾಸಿನ ಹೆಂಗಸು. ಕೈಗವಸು ಹಾಕಿಕೊಂಡು ಅಲಗನ್ನು ಎತ್ತಿದಳು, ಒಂದೇ ಕ್ಷಣ ನೋಡಿದಳು. "ಇದನ್ನ ಯಾರಾದ್ರೂ ತೊಳೆದ್ರಾ?"

"ನಾನು. ನಮ್ಮ ಹಬ್ಬಕ್ಕೆ" ಎಂದೆ. ಆಕೆ ನಗಲಿಲ್ಲ, ಅದಕ್ಕೆ ಅವಳಿಗೆ ಪುಣ್ಯ ಬರಲಿ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು. ತಾಳ್ಮೆಯಿಂದಲೇ ಮಾತಾಡಿದಳು. ತಾಮ್ರ ತನ್ನ ವಯಸ್ಸನ್ನು ತಾನೇ ಹೇಳುವುದಿಲ್ಲ. ಅದರ ಮೇಲಿನ ಪದರ ಒಂದಿಷ್ಟು ಹೇಳಬೇಕು, ಅದು ಸಿಕ್ಕಿದ ಜಾಗ, ಸುತ್ತಲಿನ ಮಣ್ಣು ಉಳಿದದ್ದನ್ನು ಹೇಳಬೇಕು. ಪದರ ಹೋಗಿದೆ, ಜಾಗ ಎಲ್ಲಿಯೋ ಗೊತ್ತಿಲ್ಲ. ಕೊಲಂಬಸ್‌ಗಿಂತ ಮೊದಲು ವೈಕಿಂಗರು ಕೆನಡಾದ ಕರಾವಳಿಗೆ ಬಂದದ್ದು ನಿಜ. ಅದಕ್ಕೆ ಗಟ್ಟಿ ಪುರಾವೆಯಿದೆ. ಆದರೆ ಅವರು ಇಲ್ಲಿಯವರೆಗೆ ಬಂದು ತಾಮ್ರ ಅಗೆದರು ಎನ್ನುವುದಕ್ಕೆ ಏನೂ ಇಲ್ಲ. ಆ ಗುಂಡಿಗಳು ಈ ನೆಲದವರೇ ತೋಡಿದ್ದು. ನನ್ನ ಮಗಳು ಹೇಳಿದ್ದೂ ಅದೇ, ಆದರೆ ಮೆಲ್ಲಗೆ ಹೇಳಿದರೆ ಅದು ಬೇರೆಯಾಗಿ ಕೇಳಿಸಿತು.

ಅಜ್ಜಿ ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿದಳು. "ನಮ್ಮಪ್ಪ ಸುಳ್ಳು ಹೇಳಿದನಾ? ಅಷ್ಟು ಹೇಳಿ ಸಾಕು."

"ಸುಳ್ಳು ಅಂತಾನೂ ನಾನು ಹೇಳಲಾರೆ, ನಿಜ ಅಂತಾನೂ ಹೇಳಲಾರೆ. ಇನ್ನು ಯಾರಿಗೂ ಹೇಳೋಕಾಗಲ್ಲ" ಎಂದಳು ಪ್ರೊಫೆಸರ್.

ನನ್ನ ಫೋನಿನಲ್ಲಿ ಗೆರೆಗಳ ಫೋಟೋ ಇತ್ತು. ಬ್ಯಾಗಿನೊಳಗೆ ಕೈಹಾಕಿ ಫೋನನ್ನು ಮುಟ್ಟಿದೆ, ಹಾಗೇ ಬಿಟ್ಟೆ. ಇಪ್ಪತ್ತು ವರ್ಷ ಒಂದು ಬೋಲ್ಟು ಕೂದಲೆಳೆಯಷ್ಟು ದಪ್ಪವಿದ್ದರೂ ಬಿಡದೆ ತಿರಸ್ಕರಿಸಿದವಳು ನಾನು. ಅವತ್ತು ಯಾಕೆ ಬಾಯಿ ಮುಚ್ಚಿಕೊಂಡೆ? ಅಜ್ಜಿಯ ಮೇಲಿನ ಮರುಕವೋ, ನನ್ನ ತಪ್ಪಿನ ನಾಚಿಕೆಯೋ ಈಗಲೂ ನನಗೆ ತಿಳಿದಿಲ್ಲ.

ವಾಪಸು ಬರುವಾಗ ಅಜ್ಜಿ ಡಬ್ಬಿ ತೆರೆದು ಅಲಗನ್ನು ಕೈಯಲ್ಲಿ ಹಿಡಿದುಕೊಂಡಳು. ಕಾರಿನ ಗಾಜಿನಿಂದ ಬಿಸಿಲು ಅದರ ಮೇಲೆ ಬಿದ್ದು ಅವಳ ಗಲ್ಲದ ಮೇಲೆಲ್ಲ ಬೆಳಕು ಆಡಿತು. ಆ ಮಂದ ಕಣ್ಣಿಗೂ ಅಷ್ಟು ಹೊಳಪು ಕಂಡಿರಬೇಕು. ತಿರುಗಿಸಿ ತಿರುಗಿಸಿ ಹಿಡಿದಳು.

"ಇದು ಹೀಗೇ ಇತ್ತು" ಎಂದಳು.

"ಯಾವಾಗ?"

"ಅಪ್ಪ ನನಗೆ ಕೊಟ್ಟಾಗ. ಹೀಗೇ ಹೊಳೀತಿತ್ತು. ಶೆಡ್ಡಿಗೆ ಬಾ ಅಂತ ಕರೆದ. ಅಂಗೈ ಮೇಲಿಟ್ಟ. ಬಿಸಿಯಿತ್ತು. ನಾನು ಕಿರುಚಿದೆ, ಅವನು ನಕ್ಕ."

ಅರ ಹಾಕಿದ ಲೋಹ, ಬಡಿದ ಲೋಹ ಆಗಷ್ಟೇ ಕೈಗೆ ಬಂದರೆ ಬಿಸಿಯಿರುತ್ತದೆ.

"ನೀನು ಲೋಹದ ಕೆಲಸದವಳು. ಗುಂಡಿಯಿಂದ ತೆಗೆದದ್ದು ಬಿಸಿಯಿರುತ್ತಾ?"

"ಬಿಸಿಲಲ್ಲಿ ಇಟ್ಟಿದ್ದರೇನೋ" ಎಂದೆ.

"ಹೊರಗೆ ಹಿಮ ಇತ್ತು" ಎಂದಳು ಅಜ್ಜಿ.

ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ ಹೋಯಿತು, ಇನ್ನೊಂದು ಹೋಯಿತು. ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಲು ಶುರುಮಾಡಿದಳು. ಆ ಚಳಿಗಾಲ ಅವಳಿಗೆ ಏಳು ವರ್ಷ. ಜ್ವರ ಬಂದು ಮಲಗಿದ್ದಳು. ಸಮುದ್ರದಾಚೆಯಿಂದ ದೋಣಿಯಲ್ಲಿ ಬಂದವರ ಕತೆಯನ್ನು ಅಪ್ಪ ದಿನಾ ಒಂದಿಷ್ಟು ಕಟ್ಟಿ ಹೇಳುತ್ತಿದ್ದ. ಆ ಕತೆಯ ನಾಯಕನ ಕತ್ತಿ ಬೇಕೆಂದು ಅವಳು ಹಟ ಹಿಡಿದಿದ್ದಳು. ಅದಕ್ಕೇ ಜ್ವರ ಇಳಿಯುತ್ತಿದ್ದಂತೆ ಅವನು ಮಾಡಿಕೊಟ್ಟದ್ದು. ಜ್ವರ ಬಿಟ್ಟಮೇಲೆ ಶಾಲೆಯಲ್ಲಿ ಎಲ್ಲರೆದುರು ಹೇಳಿಬಿಟ್ಟಳು, ಕೊಲಂಬಸ್‌ಗಿಂತ ಮೊದಲು ಬಂದವರ ಕತ್ತಿ ನಮ್ಮಪ್ಪನಿಗೆ ಗುಂಡಿಯಲ್ಲಿ ಸಿಕ್ಕಿದೆ ಎಂದು. ಮಕ್ಕಳೆಲ್ಲ ಸುಳ್ಳಿ, ಸುಳ್ಳಿ ಎಂದು ಕೂಗಿದರು. ಅಳುತ್ತ ಮನೆಗೆ ಬಂದಳು. ಅಪ್ಪ ಅಲಗನ್ನು ಅವಳ ಕೈಯಿಂದ ತೆಗೆದುಕೊಂಡ. ಕೆಲವು ವಾರ ಅದು ಕಾಣಲೇ ಇಲ್ಲ.

"ಮತ್ತೆ ಕೊಟ್ಟಾಗ ಹಸಿರಾಗಿತ್ತು. ಅಷ್ಟು ಹಳೇದಾಗಿ ಕಾಣ್ತಿತ್ತು ನೋಡು, ನಾನು ಹೇಳಿದ್ದೇ ನಿಜ ಅಂತ ನನಗೇ ಅನ್ನಿಸಿಬಿಡ್ತು. ಹೊಳೀತಿದ್ದದ್ದು ಮರೆತೇಹೋಯ್ತು."

ಈ ನೆನಪು ನಿಜವೋ, ಒಂದು ವಾರದ ಸಂಕಟದಲ್ಲಿ ಅವಳ ಮನಸ್ಸು ಕಟ್ಟಿಕೊಂಡದ್ದೋ ನಾನು ಹೇಗೆ ಹೇಳಲಿ? ನಾನೇನು ಹೇಳಿದರೂ ತಪ್ಪಾಗುತ್ತದೆ ಅನ್ನಿಸಿ ಭಯವಾಯಿತು. ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ನನಗೇ ಮುಂದಿನ ದಾರಿ ಮಸುಕಾಗಿತ್ತು.

"ಟೀಚರು ಮನೆಗೆ ಬಂದ್ರು. ಇದು ನಿಜವಾಗ್ಲೂ ಎಲ್ಲಿ ಸಿಕ್ತು ಅಂತ ಅಪ್ಪನ್ನ ಕೇಳಿದ್ರು" ಎಂದಳು ಅಜ್ಜಿ. "ನಾನು ಬಾಗಿಲ ಹತ್ರ ನಿಂತಿದ್ದೆ. ಅವನು ನನ್ನ ಮುಖ ನೋಡಿದ. ಆಮೇಲೆ, ಗುಂಡಿಯಲ್ಲಿ ಸಿಕ್ತು, ಮಗು ಹೇಳಿದ್ದು ನಿಜ ಅಂದ. ಸಾಯೋ ತನಕ ಅದನ್ನೇ ಅಂದ."